ಭಾಗ್ಯಳಿಗೆ ಹಾಕಿದ ನೀರು

ಮಗು ಅಳುತ್ತಿತ್ತು. ನನ್ನ ಮಗಳು ಭಾಗ್ಯ ಅದರ ಪಕ್ಕದಲ್ಲೇ ಮಲಗಿದ್ದಳು. ಕಣ್ಣು ತೆರೆದೇ ಇತ್ತು. ನಾನು ಅಡುಗೆಮನೆಯಿಂದ ಎರಡು ಸಲ ಕೂಗಿದೆ. ಮೂರನೇ ಸಲ ಸೌಟು ಹಿಡಿದುಕೊಂಡೇ ಬಂದು, ಎತ್ತಿಕೊಳ್ಳಬಾರದೇನೆ ಎಂದು ಬೈದೆ. ಅವಳು ನನ್ನ ಕಡೆ ತಿರುಗಿ, ಇದು ಯಾರ ಮಗು ಎಂದು ಕೇಳುವವಳ ಹಾಗೆ ನೋಡಿದಳು.

ಹೆರಿಗೆಯಾಗಿ ಅದು ಹದಿನೆಂಟನೇ ದಿನ.

ನನಗೆ ಅದು ಕಾಯಿಲೆ ಅನ್ನಿಸಲಿಲ್ಲ. ಚೊಚ್ಚಲ ಬಾಣಂತಿ, ನಿದ್ದೆಗೆಟ್ಟಿದ್ದಾಳೆ, ಸರಿಹೋಗುತ್ತಾಳೆ ಎಂದುಕೊಂಡೆ. ಆದರೆ ಊಟ ಕಡಿಮೆಯಾಯಿತು. ಮಾತು ನಿಂತೇಹೋಯಿತು. ಹಾರೋಹಳ್ಳಿ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಅಳಿಯ ಭಾನುವಾರ ಬಂದರೂ ಮುಖ ಎತ್ತಲಿಲ್ಲ. ಮಾಗಡಿಯಿಂದ ಮಗು ನೋಡಲು ಬಂದ ನಮ್ಮಕ್ಕ ಒಂದೇ ನೋಟಕ್ಕೆ ತೀರ್ಮಾನ ಹೇಳಿದಳು. "ಇದು ಬಾಣಂತಿ ಸನ್ನಿ ಕಣೆ. ಶೀತ ತಲೆಗೇರೈತೆ. ನೀರು ಸಾಲ್ತಾ ಇಲ್ಲ, ಇನ್ನೂ ಒಸಿ ಬಿಸಿ ಹಾಕು."

ನೀರು ಹಾಕುವುದೆಂದರೆ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕನಕಪುರದ ಹತ್ತಿರ ನನ್ನ ತವರು. ಅಲ್ಲಿ ಬಚ್ಚಲೊಲೆಗೆ ಹಿಪ್ಪುನೇರಳೆ ಕಡ್ಡಿ ಹಾಕುತ್ತಿದ್ದರು. ಹುಳು ಸೊಪ್ಪು ತಿಂದು ಬಿಟ್ಟ ಕಡ್ಡಿಯೆಲ್ಲ ಒಣಗಿ ಹಿತ್ತಿಲಲ್ಲಿ ರಾಶಿ ಬಿದ್ದಿರುತ್ತಿತ್ತು. ತಾಮ್ರದ ಹಂಡೆಯ ತುಂಬ ನೀರು, ಅದರಲ್ಲಿ ಬೇವಿನ ಸೊಪ್ಪು. ನನ್ನ ಬಾಣಂತನದಲ್ಲಿ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನನ್ನು ಮಣೆಯ ಮೇಲೆ ಕೂರಿಸಿ, ತಲೆಯಿಂದ ಪಾದದವರೆಗೂ ಹರಳೆಣ್ಣೆ ತಿಕ್ಕಿ, ಚೊಂಬಿನ ಮೇಲೆ ಚೊಂಬು ನೀರು ಹೊಯ್ಯುತ್ತಿದ್ದಳು. ಸುಡುತ್ತದೆ ಸಾಕು ಮಾಡು ಎಂದು ನಾನು ಬೊಬ್ಬೆ ಹಾಕುತ್ತಿದ್ದೆ, ಊರಿನಲ್ಲಿ ನೀನೊಬ್ಬಳೇ ಹೆತ್ತವಳೇನೆ ಎಂದು ಅವಳು ಬೈಯುತ್ತಿದ್ದಳು. ಆಮೇಲೆ ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಕಂಬಳಿ ಹೊದ್ದು ಮಲಗಿದರೆ ಮೈ ಹತ್ತಿಯ ಹಾಗೆ ಹಗುರ. ಅಂಥ ನಿದ್ದೆ ನಾನು ಮತ್ತೆಂದೂ ಮಾಡಿಲ್ಲ. ಆ ಹೊಗೆಯ ವಾಸನೆ ಎಲ್ಲಾದರೂ ಬಂದರೆ ಈಗಲೂ ಅಮ್ಮ ಬಾಗಿಲಲ್ಲಿ ನಿಂತಿದ್ದಾಳೆ ಅನ್ನಿಸುತ್ತದೆ.

ಅದೇ ಸುಖವನ್ನು ನನ್ನ ಮಗಳಿಗೂ ಕೊಡಬೇಕು ಎಂಬುದು ನನ್ನ ಆಸೆ. ರಾಮನಗರದ ಈ ಮನೆಯಲ್ಲೂ ಗೀಸರ್ ಬೇಡವೆಂದು ಹಟ ಹಿಡಿದು ಹಂಡೆ ಹೂಳಿಸಿದ್ದೆ.

ಅಕ್ಕ ಹೋದ ಮೇಲೆ ಉರಿ ಹೆಚ್ಚಿಸಿದೆ. ಹತ್ತು ಚೊಂಬಿದ್ದದ್ದು ಇಪ್ಪತ್ತಾಯಿತು, ಮೂವತ್ತಾಯಿತು. ಬಾಗಿಲು ಮುಚ್ಚಿ, ಕಿಟಕಿಗೆ ಗೋಣಿ ಚೀಲ ಕಟ್ಟಿ, ಹಬೆ ಹೊರಹೋಗದ ಹಾಗೆ ಮಾಡಿದೆ. ಪ್ರತಿಸಲವೂ ಹಂಡೆಗೆ ಕೈ ಅದ್ದಿ ನೋಡುತ್ತಿದ್ದೆ. ಉಗುರು ಬೆಚ್ಚಗಿದೆ ಅನ್ನಿಸುತ್ತಿತ್ತು. ಇನ್ನೆರಡು ಕಡ್ಡಿ ತುರುಕುತ್ತಿದ್ದೆ.

ಭಾಗ್ಯ ಒಂದು ದಿನವೂ ಕೂಗಲಿಲ್ಲ. ಮಣೆಯ ಮೇಲೆ ತಲೆ ತಗ್ಗಿಸಿ ಕೂತಿರುತ್ತಿದ್ದಳು. ನಾನು ಅಷ್ಟು ಗಲಾಟೆ ಮಾಡಿದವಳು, ನನ್ನ ಮಗಳು ನೋಡಿ ಎಷ್ಟು ತಾಳ್ಮೆಯವಳು ಎಂದು ಪಕ್ಕದ ಮನೆಯವರ ಹತ್ತಿರ ಹೇಳಿಕೊಂಡೆ. ಹೇಳಿಕೊಂಡು ಹೆಮ್ಮೆಪಟ್ಟೆ. ನನ್ನ ಬುದ್ಧಿಗೆ ಏನು ಹೇಳಲಿ.

ಮೂವತ್ತೊಂದನೇ ದಿನ ಅವಳು ಮಣೆಯಿಂದ ಏಳಲು ಹೋಗಿ ಹಾಗೇ ಕುಸಿದಳು.

ನಮ್ಮನೆಯವರು ಆಟೋ ಓಡಿಸುತ್ತಾರೆ, ಅದೊಂದು ಪುಣ್ಯ. ಒದ್ದೆ ಸೀರೆಯಲ್ಲೇ ಮಗುವನ್ನು ಎದೆಗವಚಿಕೊಂಡು ಕೂತೆ. ದಾರಿಯಲ್ಲಿ ಭಾಗ್ಯ ಕಣ್ಣು ಬಿಟ್ಟಳು. ವಾರಗಳಿಂದ ಆಡದ ಮಾತು ಆಗ ಆಡಿದಳು.

"ನಾನು ಇಲ್ದೇ ಇದ್ರೆ ನಿಮ್ಗೆಲ್ಲ ಆರಾಮು ಅಲ್ವೇನಮ್ಮ?"

ಆಸ್ಪತ್ರೆಯಲ್ಲಿ ಬಿಪಿ ನೋಡಿದರು, ತೀರಾ ಕಡಿಮೆ. ಡ್ರಿಪ್ ಹಾಕಿದರು. ಆ ಮಾತನ್ನು ನಾನು ಅಳುತ್ತಾ ಹೇಳಿದ ಮೇಲೆ ಸೈಕಿಯಾಟ್ರಿ ಡಾಕ್ಟರನ್ನು ಕರೆಸಿದರು. ನನ್ನ ಮಗಳ ವಯಸ್ಸಿನ ಹೆಂಗಸು. ಭಾಗ್ಯಳ ಹತ್ತಿರ ತುಂಬಾ ಹೊತ್ತು ಮಾತಾಡಿ ಹೊರಗೆ ಬಂದು, ಪೋಸ್ಟ್‌ಪಾರ್ಟಮ್ ಡಿಪ್ರೆಷನ್ ಅಂದರು. ಬಾಣಂತಿಯರಿಗೆ ಬರುವ ಖಿನ್ನತೆ, ಶೀತದಿಂದ ಬಂದದ್ದಲ್ಲ, ಯಾರ ತಪ್ಪೂ ಅಲ್ಲ, ಮಾತ್ರೆಯಿಂದ ಗುಣವಾಗುತ್ತದೆ, ಮಗುವಿಗೆ ಹಾಲು ಕೊಡುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆ ಕೊಡುತ್ತೇನೆ, ಸದ್ಯಕ್ಕೆ ಅವಳೊಬ್ಬಳನ್ನೇ ಬಿಡಬೇಡಿ ಎಂದರು. ಆಮೇಲೆ ಅವಳ ಬೆನ್ನು ಯಾಕೆ ಅಷ್ಟು ಕೆಂಪಾಗಿದೆ ಎಂದು ಕೇಳಿದರು.

ನೀರಿನ ವಿಷಯ ಹೇಳಿದೆ. ಕೈ ಅದ್ದಿ ನೋಡಿಯೇ ಹಾಕುತ್ತಿದ್ದೆ ಎಂದೂ ಹೇಳಿದೆ. ಅವರು ನನ್ನ ಕೈ ಹಿಡಿದು ತಿರುಗಿಸಿ ನೋಡಿದರು.

"ಏನು ಕೆಲಸ ಮಾಡ್ತಿದ್ರಿ ಅಮ್ಮಾ?"

ಇಪ್ಪತ್ತೆರಡು ವರ್ಷ ನಾನು ರೇಷ್ಮೆ ನೂಲು ತೆಗೆದವಳು. ಕುದಿನೀರಲ್ಲಿ ಬೆಂದ ಗೂಡು ಬಿಸಿ ಬೇಸಿನ್ನಿಗೆ ಬರುತ್ತದೆ. ಅದರಲ್ಲಿ ಬೆರಳಾಡಿಸಿ ಎಳೆಯ ತುದಿ ಹಿಡಿಯಬೇಕು. ಮೊದಲ ತಿಂಗಳು ಬೆರಳೆಲ್ಲ ಬೊಬ್ಬೆ. ಆಮೇಲೆ ಚರ್ಮ ದಪ್ಪವಾಗಿ ಏನೂ ತಿಳಿಯುವುದಿಲ್ಲ. ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುತ್ತೇನೆ ಎಂದು ಮನೆಗೆ ಬಂದವರಿಗೆಲ್ಲ ಮಾಡಿ ತೋರಿಸುತ್ತಿದ್ದೆ.

ಆ ಕೈಯನ್ನು ನಂಬಿ ನನ್ನ ಮಗಳನ್ನು ಬೇಯಿಸಿದ್ದೆ.

ಅವಳಾದರೂ ಯಾಕೆ ಕೂಗಲಿಲ್ಲ ಎಂದು ಕೇಳಿದೆ. ಈ ಕಾಯಿಲೆಯಲ್ಲಿ ಕೆಲವರಿಗೆ ಬೇಡ ಎನ್ನುವುದಕ್ಕೂ ಮನಸ್ಸು ಏಳುವುದಿಲ್ಲ ಎಂದರು ಡಾಕ್ಟರ್. ಬಿಸಿನೀರನ್ನು ಅವರು ದೂರಲಿಲ್ಲ. ಹದವಾದ ಬಿಸಿಗೆ ಮೈ ಸಡಿಲವಾಗುತ್ತದೆ, ಜೊತೆಗೆ ಮನಸ್ಸೂ ಸಡಿಲವಾಗುತ್ತದೆ, ಆಮೇಲೆ ಮೈ ಮೆಲ್ಲಗೆ ತಣಿಯುವಾಗ ನಿದ್ದೆ ಬರುತ್ತದೆ, ನಿದ್ದೆ ಬಂದರೆ ಮೆದುಳಿಗೆ ವಿಶ್ರಾಂತಿ. ಇದಕ್ಕಾಗಿಯೇ ಎಷ್ಟೋ ಕಡೆ ಜನ ಬಿಸಿನೀರಿನ ತೊಟ್ಟಿಯಲ್ಲಿ, ಸೌನಾ ಎಂಬ ಬಿಸಿ ಕೋಣೆಯಲ್ಲಿ ಹೋಗಿ ಕೂರುತ್ತಾರಂತೆ. ನಮ್ಮಮ್ಮನ ಬಚ್ಚಲಿನ ಸುದ್ದಿ ಅವರಿಗೆಲ್ಲ ಯಾರು ಹೇಳಿದರೋ ಅನ್ನಿಸಿತು. ಆದರೆ ಬಿಸಿ ಮಿತಿಮೀರಿದರೆ ರಕ್ತವೆಲ್ಲ ಚರ್ಮದ ಕಡೆಗೆ ಹರಿದು, ಬಿಪಿ ಇಳಿದು, ತಲೆಗೆ ರಕ್ತ ಸಾಲದೆ ಬೀಳುತ್ತಾರೆ. "ನೀರು ಜೊತೆಗಿರಲಿ. ಅದೇ ಔಷಧಿ ಅಂದ್ಕೋಬೇಡಿ," ಎಂದರು.

ಬೆನ್ನು ಮಾಯುವವರೆಗೆ ತಣ್ಣನೆಯ ನೀರಲ್ಲಿ ಒರೆಸಿದೆವು. ಆಮೇಲೆ ಹೊಸ ನಿಯಮ. ಹತ್ತೇ ಚೊಂಬು, ಕಿಟಕಿ ತೆರೆದೇ ಇರಬೇಕು, ಮೊದಲು ಒಂದು ಲೋಟ ನೀರು ಕುಡಿಯಬೇಕು, ನಿಧಾನಕ್ಕೆ ಏಳಬೇಕು. ಬಿಸಿ ನೋಡುವ ಕೆಲಸ ನಮ್ಮನೆಯವರಿಗೆ. ಅವರ ಕೈ ಮೆತ್ತಗೆ, ಕಾಫಿ ಲೋಟವನ್ನೂ ಟವೆಲಿನಲ್ಲಿ ಹಿಡಿಯುವ ಗಂಡಸು. ಅದಕ್ಕಾಗಿ ಎಷ್ಟು ವರ್ಷ ಆಡಿಕೊಂಡಿದ್ದೆ. ಈಗ ಅವರು ಹಂಡೆಗೆ ಬೆರಳು ಅದ್ದಿ, ಸರಿ ಎಂದಮೇಲೆಯೇ ನಾನು ಚೊಂಬು ಮುಟ್ಟುತ್ತಿದ್ದೆ.

ಗುಣವಾಗುವುದು ಬಹಳ ನಿಧಾನ. ಎರಡು ದಿನ ಊಟ ಮಾಡಿದರೆ ಮೂರನೇ ದಿನ ಮತ್ತೆ ಗೋಡೆಯ ಕಡೆ ಮುಖ. ಅಳಿಯ ಷಿಫ್ಟ್ ಬದಲಾಯಿಸಿಕೊಂಡು ಬಂದು ಮಗು ನೋಡಿಕೊಂಡ. ನಾನು ಅವಳ ಪಕ್ಕದಲ್ಲಿ ಕೂತು, ಅವಳು ಕೇಳಲಿ ಬಿಡಲಿ, ನನ್ನ ತವರಿನ ಬಚ್ಚಲಿನ ಕಥೆಯನ್ನೆಲ್ಲ ಹೇಳಿದೆ. ಅಮ್ಮ ಹೊಯ್ದ ನೀರು, ನಾನು ಹಾಕಿದ ಬೊಬ್ಬೆ, ಅವಳು ಬೈದದ್ದು. ಮಗು ಈಗ ಎಂಟು ತಿಂಗಳದು. ಮಾತ್ರೆ ಇನ್ನೂ ನಿಂತಿಲ್ಲ. ನಿಲ್ಲಿಸಲು ನಾನೂ ಅವಸರಪಡುತ್ತಿಲ್ಲ.

ಹೋದ ಶನಿವಾರ ಭಾಗ್ಯ ತಾನಾಗಿಯೇ ಎಣ್ಣೆ ಬಟ್ಟಲು ತಂದು ಮಣೆಯ ಮೇಲೆ ಕೂತಳು. ನಮ್ಮನೆಯವರು ಮೊಮ್ಮಗಳನ್ನು ಎತ್ತಿಕೊಂಡು ಬಾಗಿಲ ಹೊರಗಿದ್ದರು. ಅದಕ್ಕೇ ನಾನೇ, ಡಾಕ್ಟರ್ ಹೇಳಿಕೊಟ್ಟ ಹಾಗೆ, ಮೊಣಕೈ ಅದ್ದಿ ನೋಡಿದೆ, ಸರಿಯಿದೆ ಅನ್ನಿಸಿತು. ಒಂದು ಚೊಂಬು ಹೊಯ್ದೆ.

"ಅಮ್ಮೋ, ಸುಡ್ತೈತೆ ಕಣೆ! ಮನುಷ್ಯರ ಮೈಯೋ, ರೇಷ್ಮೆ ಗೂಡೋ? ಒಸಿ ತಣ್ಣೀರು ಬೆರ್ಸು ಅಂದ್ರೆ ಬೆರ್ಸು."

ಚೊಂಬು ಹಿಡಿದು ಹಾಗೇ ನಿಂತೆ. ನನ್ನ ಕಣ್ಣು ತುಂಬಿ ಹಂಡೆಯೇ ಕಾಣಿಸಲಿಲ್ಲ. ಹೊರಗಿನಿಂದ ನಮ್ಮನೆಯವರು ಗಾಬರಿಯಾಗಿ ಏನಾಯಿತೆಂದು ಕೇಳಿದರು.

"ಏನೂ ಆಗಿಲ್ಲ ಕಣ್ರೀ. ಮಗಳು ಬೈತಾವ್ಳೆ," ಎಂದೆ.