ಫೋನ್ ಇಡುವ ಇಂಗ್ಲಿಷು

ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸಿದ ಹೊಸತು. ಬಸವೇಶ್ವರನಗರದ ನಮ್ಮ ಮನೆಯ ಹಿಂದಿನ ಪೋರ್ಷನ್ನಿಗೆ ಗದಗದ ಕಡೆಯ ಗಂಡ ಹೆಂಡತಿ ಬಾಡಿಗೆಗೆ ಬಂದರು. ಗಂಡನಿಗೆ ಪೀಣ್ಯದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಹೆಂಡತಿ ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿದ್ದಳು. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಊರಿನಿಂದ ಅವಳ ಅತ್ತೆಯ ಫೋನುಗಳು ಶುರುವಾದವು. "ಸುಮ್ನ ಕುಂದ್ರಾಕ ಬೆಂಗಳೂರು ಯಾಕ ಬೇಕವಾ? ನನ್ನ ಮಗ ಮೆಸ್ಸಿನಾಗ ಉಣ್ತಾನ. ನೀ ಊರಿಗೆ ಬಾ."

ಅವಳಿಗೆ ಹೋಗಲು ಇಷ್ಟವಿರಲಿಲ್ಲ. ಸುಮ್ಮನೆ ಕೂತಿಲ್ಲ ಎಂದು ತೋರಿಸಲು ಒಂದು ಕೆಲಸ ಬೇಕಿತ್ತು. ನಮ್ಮ ರಸ್ತೆಯ ಕೊನೆಯಲ್ಲಿದ್ದ ಹಲ್ಲಿನ ಕ್ಲಿನಿಕ್ಕಿನಲ್ಲಿ ಫೋನ್ ಎತ್ತಿಕೊಂಡು ಅಪಾಯಿಂಟ್‌ಮೆಂಟ್ ಕೊಡುವವರನ್ನು ಹುಡುಕುತ್ತಿದ್ದರು. ಇವಳು ಹೋಗಿ ಕೇಳಿದಾಗ ಡಾಕ್ಟರು, "ಸೋಮವಾರ ನಾನೇ ಪೇಷೆಂಟ್ ಥರ ಫೋನ್ ಮಾಡ್ತೀನಿ. ಇಂಗ್ಲಿಷಲ್ಲಿ ಮಾತಾಡಿ, ನೋಡೋಣ" ಅಂದರಂತೆ.

"ಅಕ್ಕಾರ, ನೀವು ಕಾನ್ವೆಂಟ್ನಾಗ ಕಲ್ತೀರಂತ. ನನಗೊಂದೀಟು ಹೇಳಿಕೊಡ್ರಿ" ಎಂದು ಬಾಗಿಲಲ್ಲಿ ನಿಂತಳು.

ಕಾನ್ವೆಂಟಿನಲ್ಲಿ ನಾನು ಕಲಿತದ್ದು ಪದ್ಯ ಒಪ್ಪಿಸುವ ಇಂಗ್ಲಿಷು. ಮದುವೆಯಾದ ಮೇಲೆ ಹಾಲಿನವನ ಹತ್ತಿರ, ಸೊಪ್ಪಿನವಳ ಹತ್ತಿರ ಅದರ ಅಗತ್ಯ ಬಿದ್ದಿರಲಿಲ್ಲ. ಆದ್ದರಿಂದ ಇಬ್ಬರೂ ಮಧ್ಯಾಹ್ನ ನಡುಮನೆಯಲ್ಲಿದ್ದ ಕಂಪ್ಯೂಟರಿನ ಮುಂದೆ ಕೂತೆವು. ಫೋನಿನಲ್ಲಿ ಹೇಗೆ ಮಾತಾಡಬೇಕೆಂದು ಕಲಿಸುವ ವಿಡಿಯೋಗಳು ಸಿಕ್ಕಿದವು. ಅವು ಒಂದೇ ಸಮ ಓಡುತ್ತಿರಲಿಲ್ಲ. ಕೆಳಗಿನ ಬೂದು ಗೆರೆ ಸ್ವಲ್ಪ ಮುಂದೆ ಹೋಗುವ ತನಕ ನಿಲ್ಲಿಸಿ ಕಾಯಬೇಕಿತ್ತು. ಕಾಯುತ್ತಾ ಅವರೆಕಾಯಿ ಸುಲಿಯುತ್ತಿದ್ದೆವು. ಅವಳು ಸೊಗಡಿನ ಕೈಯನ್ನು ಸೆರಗಿಗೆ ಒರೆಸಿಕೊಂಡೇ ಮೌಸ್ ಮುಟ್ಟುತ್ತಿದ್ದಳು.

ಕಲಿಸುವಾಕೆ ಹೊರದೇಶದವಳು. 'ವಾಟರ್' ಅನ್ನು 'ವಾಡರ್' ಅನ್ನುತ್ತಿದ್ದಳು. ಇವಳು ನಾಲಿಗೆಯನ್ನು ಹಾಗೇ ಹೊರಳಿಸಿ ಹೇಳುತ್ತಿದ್ದಳು. ನಾನು ತಿದ್ದಲಿಲ್ಲ. ಹಾಗಲ್ಲ ಎನ್ನುವಷ್ಟು ಧೈರ್ಯ ನನಗೂ ಇರಲಿಲ್ಲ.

ಒಂದು ದಿನ ವಿಡಿಯೋದವಳು, ಫೋನಿನಲ್ಲಿ ಮಾತು ಮುಗಿಸುವುದಕ್ಕೆ 'ಹ್ಯಾಂಗ್ ಅಪ್' ಅನ್ನಬೇಕು ಎಂದಳು.

"ಹ್ಯಾಂಗ್ ಅಂದ್ರ ನೇತು ಹಾಕೂದಲ್ರಿ?"

"ಹೌದಮ್ಮ."

"ಫೋನೇನು ಒದ್ದಿ ಬಟ್ಟೇನ್ರಿ, ಹಗ್ಗದ ಮ್ಯಾಲ ನೇತು ಹಾಕಾಕ? ನೀವು ಏನಂತೀರಿ?"

ನಾವು 'ಕೀಪ್ ದ ಫೋನ್' ಅನ್ನುತ್ತಿದ್ದೆವು. ಕನ್ನಡದಲ್ಲಿ ಫೋನ್ ಇಡುವುದಲ್ಲವೇ, ಅದಕ್ಕೇ. ಸ್ಕೂಲಿನಲ್ಲಿದ್ದ ಒಂದೇ ಫೋನು ಆಫೀಸು ರೂಮಿನಲ್ಲಿತ್ತು, ಮಕ್ಕಳು ಮುಟ್ಟುವ ಹಾಗಿರಲಿಲ್ಲ. ಹಾಗಾಗಿ ಸಿಸ್ಟರುಗಳು ಇದನ್ನು ತಿದ್ದುವ ಸಂದರ್ಭವೇ ಬರಲಿಲ್ಲ. ಅದು ತಪ್ಪು ಎಂದು ನನಗೆ ಗೊತ್ತಾದದ್ದೂ ಅವತ್ತೇ. "ಅದನ್ನ ಹೇಳ್ಬೇಡ. ಈ ವಿಡಿಯೋದವಳು ಹೇಳಿದ ಹಾಗೇ ಹೇಳು" ಅಂದೆ.

ಸೋಮವಾರ ನಮ್ಮ ಲ್ಯಾಂಡ್‌ಲೈನಿಗೆ ಡಾಕ್ಟರ ಫೋನು ಬಂತು. ತಡವರಿಸಿದರೆ ನಾನು ಹೇಳಿಕೊಡಲೆಂದು ಅವಳೇ ಸ್ಪೀಕರ್ ಒತ್ತಿದಳು.

"ಹಲೋ, ಮೈ ಟೂತ್ ಈಸ್ ಪೇನಿಂಗ್ ವೆರಿ ಮಚ್" ಅಂದರು ಡಾಕ್ಟರು.

ಅವಳು ನಾಲಿಗೆ ಹೊರಳಿಸಿ, ಯಾವ ಹೊತ್ತಿಗೆ ಬರುತ್ತೀರಿ ಎಂದು ಉದ್ದದ ಒಂದು ವಾಕ್ಯ ಕೇಳಿದಳು. ಡಾಕ್ಟರು "ವಾಟ್?" ಅಂದರು. ಅವಳು ಇನ್ನೂ ಜೋರಾಗಿ ಹೊರಳಿಸಿದಳು. "ವಾಟ್? ಸರಿಯಾಗಿ ಕೇಳಿಸ್ತಾ ಇಲ್ಲ." ಅವಳು ನನ್ನ ಮುಖ ನೋಡಿದಳು. ಫೋನಿನ ಸುರುಳಿ ವೈರು ಅವಳ ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿತ್ತು.

"ನಿನ್ನ ಥರಾನೇ ಹೇಳಮ್ಮ, ನಿಧಾನಕ್ಕೆ" ಎಂದು ಪಿಸುಗುಟ್ಟಿದೆ.

"ಈವ್ನಿಂಗ್ ಸಿಕ್ಸ್ ಓ ಕ್ಲಾಕ್ ಯು ಕಮ್ ಸರ್."

"ಓಕೆ, ಓಕೆ."

ಇನ್ನು ಮಾತು ಮುಗಿಸಬೇಕಿತ್ತು. 'ಹ್ಯಾಂಗ್ ಅಪ್' ಅವಳ ಬಾಯಿಗೆ ಬರಲಿಲ್ಲ. ಕೊನೆಗೆ, "ಸರ್, ಐ ವಿಲ್ ಕೀಪ್ ದ ಫೋನ್?" ಅಂದಳು.

ನಾನು ಕಣ್ಣು ಮುಚ್ಚಿಕೊಂಡೆ.

"ಕೀಪ್, ಕೀಪ್. ಟುಮಾರೋ ಮಾರ್ನಿಂಗ್ ಯು ಕಮ್" ಅಂದರು ಡಾಕ್ಟರು.

ಫೋನ್ ಇಟ್ಟು ಅವಳು ಕೇಳಿದಳು, "ಬಾ ಅಂದ್ರಲ್ರಿ ಅಕ್ಕಾರ, ಕೆಲಸಕ್ಕೋ ಬೈಯಾಕೋ?"

ಕೆಲಸಕ್ಕೇ ಎಂದು ಮರುದಿನ ಹೋಗಿ ಬಂದು ಹೇಳಿದಳು. ಕ್ಲಿನಿಕ್ಕಿಗೆ ಬರುವವರಲ್ಲಿ ಬಹಳ ಜನ ಇಲ್ಲಿಯ ವಯಸ್ಸಾದವರು, ಅವರಿಗೆ ಅರ್ಥವಾಗುವ ಹಾಗೆ ಮಾತಾಡಿದರೆ ಸಾಕು ಎಂದರಂತೆ ಡಾಕ್ಟರು. ಆ ನಾಲಿಗೆ ಹೊರಳಿಸುವುದನ್ನು ಮಾತ್ರ ದಯವಿಟ್ಟು ಬಿಡಿ ಎಂದೂ ಹೇಳಿದರಂತೆ.

ಅವತ್ತು ಸಂಜೆ ಅವಳು ನಮ್ಮ ಮನೆಯಿಂದಲೇ ಊರಿಗೆ ಫೋನ್ ಮಾಡಿದಳು. ಅತ್ತೆಯ ದನಿ ಅಡುಗೆಮನೆಯ ತನಕ ಕೇಳುತ್ತಿತ್ತು.

"ಏನ್ ಕೆಲಸ?"

"ಫೋನ್ ಎತ್ತೂದ್ರಿ ಅತ್ತಿ."

"ಬರೇ ಫೋನ್ ಎತ್ತಾಕ ಪಗಾರ ಕೊಡ್ತಾರ?"

"ಕೊಡ್ತಾರ್ರಿ."

ಅದಕ್ಕೆ ಅತ್ತೆ, "ಹಂಗಾರ ಇರು. ಮಂದಿ ಫೋನೆಲ್ಲಾ ಎತ್ತತಿ, ನಾ ಹಚ್ಚಿದ್ರ ಮಾತ್ರ ಎತ್ತೂದಿಲ್ಲ ನೀ" ಅಂದರು.