ನಾಲ್ಕನೆಯ ಪಥದ ಇಪ್ಪತ್ತು ಎಣಿಕೆ

ಭವ್ಯಾ, ಪುತ್ತೂರಿನ ಆ ನೂರು ಮೀಟರ್ ಓಟದಲ್ಲಿ ನೀನು ಸೋತಿರಲಿಲ್ಲ. ನಿನ್ನನ್ನು ಸೋಲಿಸಿದವನು ನಾನು. ಅದು ನನಗೆ ಅದೇ ಸಂಜೆ ಗೊತ್ತಾಗಿತ್ತು — ಹನ್ನೆರಡು ವರ್ಷ ಬಾಯಿ ಬಿಡಲಿಲ್ಲ.

ಆಗ ನಾನು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದೆ. ಕ್ರೀಡಾ ಹಾಸ್ಟೆಲ್ಲಿಗೆ ಒಬ್ಬಳನ್ನು ಆರಿಸುವ ಆ ಓಟಕ್ಕೆ ಸಮಯ ಅಳೆಯುವ ವ್ಯವಸ್ಥೆ ಮಾಡಿಕೊಡುತ್ತೇನೆಂದು ನಾನೇ ಮುಂದೆ ಬಿದ್ದು ಹೇಳಿದೆ. ಹೊರಗಿನ ಸಂಕೇತಗಳನ್ನು ಕಂಪ್ಯೂಟರಿಗೆ ಮುಟ್ಟಿಸುವ ಒಂದು ಡೇಟಾ ಅಕ್ವಿಸಿಷನ್ ಬೋರ್ಡು. ಅದರಲ್ಲಿ ಪಥಕ್ಕೊಂದರಂತೆ ಕೌಂಟರ್. ಪಿಸ್ತೂಲಿನ ಸದ್ದಿಗೆ ಎಣಿಕೆ ಶುರು, ಕೊನೆಯ ಗೆರೆಯಲ್ಲಿ ಬೆಳಕಿನ ಕಿರಣ ತುಂಡಾದೊಡನೆ ನಿಲುಗಡೆ. ಸೆಕೆಂಡಿಗೆ ನೂರು ಎಣಿಕೆ. ಪ್ರೋಗ್ರಾಮ್ ಪೂರ್ತಿ ನಾನೇ ಬರೆದದ್ದು. ಅದರಲ್ಲಿ ತಪ್ಪಿರಬಹುದು ಎಂಬ ಯೋಚನೆ — ಹತ್ತಿರವೂ ಸುಳಿಯಲಿಲ್ಲ.

ಹುಡುಗಿಯರು ಎರಡು ಗುಂಪಾಗಿ ಓಡಿದರು. ಎರಡೂ ಸೇರಿ ಅತಿ ಕಡಿಮೆ ಸಮಯದವಳ ಆಯ್ಕೆ. ಮೊದಲ ಗುಂಪಿನಲ್ಲಿ ನಾಲ್ಕನೆಯ ಪಥ ಖಾಲಿಯಿತ್ತು. ಎರಡನೆಯ ಗುಂಪಿನಲ್ಲಿ ನಾಲ್ಕನೆಯ ಪಥದ ನೀನು ಎಲ್ಲರನ್ನೂ ಹಿಂದೆ ಹಾಕಿದೆ. ಆದರೂ ಪರದೆಯಲ್ಲಿ ನಿನ್ನ ಸಮಯ ಮೊದಲ ಗುಂಪಿನಲ್ಲಿ ಗೆದ್ದವಳಿಗಿಂತ ಏಳು ಎಣಿಕೆ ಹೆಚ್ಚಿತ್ತು. ನಿನ್ನ ಶಾಲೆಯ ದೈಹಿಕ ಶಿಕ್ಷಕ ಹಮೀದ್ ಮಾಸ್ಟ್ರು ಸ್ಟಾಪ್‌ವಾಚ್ ಹಿಡಿದು ನನ್ನ ಮೇಜಿನ ಬಳಿ ಬಂದರು.

“ಸರ್, ನನ್ನ ವಾಚಲ್ಲಿ ಇವಳದ್ದೇ ಕಡಿಮೆ ಉಂಟು. ಒಮ್ಮೆ ನೋಡಿ ಮಾರಾಯ್ರೆ.”

“ಬೋರ್ಡಿಗೆ ನಮ್ಮ ಹುಡುಗಿ, ಬೇರೆಯವರ ಹುಡುಗಿ ಅಂತ ಇಲ್ಲ ಮಾಸ್ಟ್ರೆ. ನಿಮ್ಮ ಬೆರಳಿಗೆ ಉಂಟು.”

ಸುತ್ತ ಇದ್ದವರು ನಕ್ಕರು. ಮಾಸ್ಟ್ರ ಹಿಂದೆ ನೀನು ಬರಿಗಾಲಲ್ಲಿ ನಿಂತಿದ್ದೆ.

ಸಂಜೆ ಪ್ರೋಗ್ರಾಮ್ ತೆರೆದೆ — ಮಾಸ್ಟ್ರನ್ನು ಸುಳ್ಳಾಗಿಸುವ ಹಟದಿಂದಲೇ. ನಾಲ್ಕನೆಯ ಕೌಂಟರಿನ ಆರಂಭದ ಅಂಕೆ ಸೊನ್ನೆ ಇರಬೇಕಿತ್ತು. ಇಪ್ಪತ್ತು ಇತ್ತು. ಹಿಂದಿನ ದಿನ ಪರೀಕ್ಷೆಗೆಂದು ಹಾಕಿ ತೆಗೆಯಲು ಮರೆತಿದ್ದೆ. ನೀನು ಹೆಜ್ಜೆ ಎತ್ತುವ ಮೊದಲೇ ನಿನ್ನ ಸಮಯಕ್ಕೆ ಇಪ್ಪತ್ತು ಎಣಿಕೆ ಸೇರಿಹೋಗಿತ್ತು. ಕಳೆದು ನೋಡಿದೆ — ನೀನೇ ಮೊದಲು, ಅನುಮಾನಕ್ಕೆ ಎಡೆಯೇ ಇಲ್ಲದಷ್ಟು.

ಆಯ್ಕೆಪಟ್ಟಿ ಕಳುಹಿಸಲು ಇನ್ನೂ ಎರಡು ದಿನವಿತ್ತು. ಒಂದು ಫೋನ್ ಸಾಕಿತ್ತು. ನಾನು ಇಪ್ಪತ್ತನ್ನು ಅಳಿಸಿ ಸೊನ್ನೆ ಬರೆದು ಮನೆಗೆ ಹೋದೆ. ನಕ್ಕವರ ಎದುರು ನಾನು ಮತ್ತೆ — ಬೇಡ, ಅದನ್ನು ಕಾರಣವೆಂದು ಹೇಳಲಾರೆ.

ಹೋದ ತಿಂಗಳು ರಾಮಕುಂಜದ ಶಾಲೆಯೊಂದರ ಕ್ರೀಡಾದಿನಕ್ಕೆ ಹೋಗಿದ್ದೆ. ನೀನು ಅಲ್ಲಿ ದೈಹಿಕ ಶಿಕ್ಷಕಿ ಎಂದು ತಿಳಿದಿರಲಿಲ್ಲ. ನೀನು ಮಕ್ಕಳಿಗೆ ಹೇಳುತ್ತಿದ್ದೆ: “ಪುತ್ತೂರಲ್ಲಿ ಗೆರೆ ಹತ್ರ ಬರುವಾಗ ನಾನು ಸ್ವಲ್ಪ ನಿಧಾನ ಮಾಡಿದೆ ಕಾಣ್ತದೆ. ಹಾಗೆ ಹಾಸ್ಟೆಲ್ ಸೀಟು ತಪ್ಪಿಹೋಯ್ತು. ತಪ್ಪು ನಂದೇ. ನೀವು ಹಾಗೆ ಮಾಡುದು ಬೇಡ.”

ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ನೀನು ನಿಧಾನ ಮಾಡಿರಲಿಲ್ಲ ಭವ್ಯಾ. ನನ್ನ ತಪ್ಪನ್ನು ಇಷ್ಟು ವರ್ಷ ನಿನ್ನದೆಂದು ಹೊತ್ತೆಯಲ್ಲ — ಸೀಟು ಹೋದದ್ದಕ್ಕಿಂತ ಅದು...

ನಿನ್ನೆ ಸಂಪಾಜೆಗೆ ಹೋಗಿ ಹಮೀದ್ ಮಾಸ್ಟ್ರಿಗೆ ಎಲ್ಲವನ್ನೂ ಹೇಳಿದೆ. ಅವರು, “ನಂಗೆ ಹೇಳಿದ್ರೆ ಮುಗೀಲಿಲ್ಲ ಸರ್. ಅವಳಿಗೆ ಹೇಳಿ. ಆ ಮಕ್ಕಳ ಎದುರೇ ಹೇಳಿ” ಎಂದರು.

ಸೋಮವಾರ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ನಿನ್ನ ಶಾಲೆಗೆ ಬರುತ್ತೇನೆ. ಬರುವುದು ಬೇಡವೆನಿಸಿದರೆ ತಿಳಿಸು. ಅದಕ್ಕೆಂದೇ ಈ ಕಾಗದ ಮೊದಲು ಕಳುಹಿಸುತ್ತಿದ್ದೇನೆ. ಬಂದರೆ, ಇಲ್ಲಿ ಬರೆದದ್ದರಲ್ಲಿ ಒಂದನ್ನೂ ಬಿಡದೆ ಮಕ್ಕಳಿಗೆ ಹೇಳುತ್ತೇನೆ. ಆಮೇಲೆ ನೀನು ಏನಂದರೂ ಅಲ್ಲೇ ನಿಂತು ಕೇಳಿಸಿಕೊಳ್ಳುತ್ತೇನೆ.