ತೂಗಿ ತಂದ ಪುಸ್ತಕ

ಹಲಗೂರಿನ ಬೆಲ್ಲದ ವ್ಯಾಪಾರಿ ಜವರಪ್ಪ, ತನ್ನ ತಮ್ಮನ ಮಗಳು, ಓದಿನ ಹುಚ್ಚು ಹಿಡಿದ ಚೆನ್ನಾಜಿಯ ಹುಟ್ಟಿದ ದಿನಕ್ಕೆ ಬೊಂಬೆ ಕೊಳ್ಳುವವನೇ ಅಲ್ಲ; ಪ್ರತಿ ವರ್ಷವೂ ಪುಸ್ತಕವೇ. ತನಗೆ ಅಕ್ಷರ ಬಾರದಿದ್ದರೂ ಮಂಡ್ಯದ ಅಂಗಡಿಗೆ ಹೋಗಿ, ಬೆಲ್ಲದ ಅಚ್ಚು ಆರಿಸುವಂತೆಯೇ ಪುಸ್ತಕಗಳನ್ನು ತಟ್ಟಿ, ಮೂಸಿ, ಅಂಗೈಯಲ್ಲಿ ತೂಗಿ ನೋಡುತ್ತಾನೆ. "ಅದು ಕಂದಾಯದ ಕಾನೂನು ಕಣಯ್ಯ, ಮಗೀಗಲ್ಲ" ಎಂದು ಅಂಗಡಿಯವನು ಹೇಳಿದರೆ, "ತೂಕದ್ ಮಾಲು ಬಚ್ಚಿಟ್ಟು ಜೊಳ್ಳು ಮಾರ್ತೀಯೇನ್ಲಾ?" ಎಂದು ಗದರುತ್ತಾನೆ. ತಂದದ್ದನ್ನು ಮಗುವಿನ ತೊಡೆಯ ಮೇಲಿಟ್ಟು, "ಓದವ್ವ, ಕೇಳ್ತೀನಿ" ಎಂದು ಗೋಡೆಗೆ ಒರಗುತ್ತಾನೆ. ಈ ಸಲ ತಂದದ್ದು ಆ ಕಂದಾಯದ ಕಾನೂನೇ; ಅವಳು ಜಪ್ತಿ, ಹರಾಜು ಎಂದು ಅರ್ಧ ಪುಟ ಓದುವಷ್ಟರಲ್ಲಿ ಅವನ ಮುಖ ಬಾಡಿತು. "ಇದ್ರಲ್ಲಿ ಕತೆ ಇಲ್ವೇನವ್ವ?" ಚೆನ್ನಾಜಿ ಅವನನ್ನೇ ನೋಡಿದಳು. ಆಮೇಲೆ ಸಾಲಿನ ಮೇಲೆ ಬೆರಳಿಟ್ಟು, "ಐತೆ ಕಣ್ ದೊಡ್ಡಪ್ಪ. ಒಂದ್ ನರಿ ಸಿವನಸಮುದ್ರ ನೋಡಾಕೆ ಹೊಂಟಿತ್ತಂತೆ" ಎಂದು ಓದತೊಡಗಿದಳು.